ಮಹಾಧಮನೀಮೂಲದ ಶಸ್ತ್ರಕರ್ಮದಲ್ಲಿ ರಕ್ತನಿರೋಧ

ಹೃದಯದ ಎಡಕುಕ್ಷಿಯಿಂದ ಹೊರಟು ದೇಹಕ್ಕೆಲ್ಲ ರಕ್ತವನ್ನೊಯ್ಯುವ ಮಹಾಧಮನಿಯ ಬುಡವು ಕೆಲವರಲ್ಲಿ ಕ್ರಮೇಣ ಹಿಗ್ಗುತ್ತ ಹೋಗುತ್ತದೆ. ಮಾರ್ಫಾನ್ ರೋಗವುಳ್ಳವರಲ್ಲಿ ಇದು ವಿಶೇಷವಾಗಿ ಕಾಣಬರುವುದು. ಹಿಗ್ಗಿದ ಗೋಡೆ ತೆಳುವಾಗಿ, ಒಂದು ದಿನ ಸೀಳಿದರೆ ರೋಗಿ ಬದುಕುವುದು ದುರ್ಲಭ. ಆದುದರಿಂದ ವ್ಯಾಸವು ಸುಮಾರು ೫ ರಿಂದ ೫.೫ ಸೆಂಟಿಮೀಟರಿಗೆ ಬಂದಾಗಲೇ ಆ ಬುಡವನ್ನು ಅದರೊಳಗಣ ಕವಾಟದೊಡನೆ ಕತ್ತರಿಸಿ ತೆಗೆದು, ಬಟ್ಟೆಯ ನಳಿಕೆಯೊಂದನ್ನು ಆ ಸ್ಥಾನದಲ್ಲಿ ಹೊಲಿಯುವ ಪದ್ಧತಿ ಆಧುನಿಕ ಶಸ್ತ್ರವೈದ್ಯದಲ್ಲಿ ನೆಲೆಗೊಂಡಿದೆ. ಈ ಕರ್ಮದಲ್ಲಿ ರೋಗಿಗೂ ವೈದ್ಯನಿಗೂ ದೊಡ್ಡ ಶತ್ರುವಾಗಿರುವುದು ರಕ್ತಸ್ರಾವ. ಅದನ್ನು ತಡೆಯುವುದಕ್ಕಾಗಿ ಅರ್ಧಶತಮಾನಕ್ಕೂ ಮೀರಿದ ಕಾಲದಲ್ಲಿ ಹುಟ್ಟಿಬಂದ ಉಪಾಯಗಳ ಗುಣದೋಷವಿಚಾರವೇ ಪ್ರಕೃತ ವಿಷಯ.

ಮೊದಲು ಹೆಸರಿನ ಮಾತು. ಈ ನಾಳಕ್ಕೆ ಕನ್ನಡದಲ್ಲಿ ಮಹಾಧಮನಿ, ಮಹಾಪಧಮನಿ ಎಂಬ ಎರಡು ಹೆಸರುಗಳು ರೂಢಿಯಲ್ಲಿವೆ. ಎರಡನೆಯದರಲ್ಲಿರುವ ‘ಅಪ’ ಎಂಬ ಉಪಸರ್ಗವು ದೂರವನ್ನು ಹೇಳತಕ್ಕುದು. ಹೃದಯದಿಂದ ದೂರಕ್ಕೊಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಶಬ್ದರಚನೆ ನಿರ್ದುಷ್ಟವೇ. ಆದರೂ ಕೇಳಿದೊಡನೆ ಅಪಕೀರ್ತಿ ಅಪಶಕುನಗಳ ನೆನಪು ಬರುವುದರಿಂದ ಇಲ್ಲಿ ಮಹಾಧಮನಿ ಎಂಬುದನ್ನೇ ಇಟ್ಟುಕೊಂಡಿದೆ. ಪ್ರಾಚೀನ ಸಂಹಿತೆಗಳಲ್ಲಿ ಧಮನಿ, ಸಿರಾ ಎಂಬ ಶಬ್ದಗಳಿಗೆ ಈಗಿನಂತೆ ಅರ್ಥನಿಯಮವಿಲ್ಲವೆಂಬುದನ್ನು ವಾಚಕರು ಮರೆಯಬಾರದು. ಮುಂದೆ ಈ ಮಾತಿನ ಪ್ರಯೋಜನ ಕಂಡುಬರುವುದು.

ಈ ಕರ್ಮದಲ್ಲಿ ರಕ್ತವು ಸೋರಬಹುದಾದ ಸ್ಥಾನಗಳು ಹಲವು. ಕವಾಟದ ಬಳೆಗೂ ನಳಿಕೆಗೂ ಕೂಡುವ ಕೆಳಗಣ ಹೊಲಿಗೆ ಒಂದು. ಹೃದಯಕ್ಕೇ ರಕ್ತವನ್ನುಣಿಸುವ ಎರಡು ಕರೋನರಿ ನಾಳಗಳ ಬಾಯಿಗಳನ್ನು ನಳಿಕೆಗೆ ಸೇರಿಸುವ ಹೊಲಿಗೆಗಳು ಎರಡು. ನಳಿಕೆಯ ಮೇಲ್ತುದಿಯನ್ನು ಉಳಿದ ಮಹಾಧಮನಿಗೆ ಸೇರಿಸುವ ಹೊಲಿಗೆ ಒಂದು. ಇವಲ್ಲದೆ ಬಟ್ಟೆಯ ನೆಯ್ಗೆಯ ಸಂದುಗಳಿವೆ, ಸೂಜಿಯ ತೂತುಗಳಿವೆ. ಎಡ ಕರೋನರಿಯ ಹೊಲಿಗೆಯಂತೂ ಹಿಂಭಾಗದಲ್ಲಿ ಶ್ವಾಸಕೋಶಧಮನಿಯ ಮರೆಯಲ್ಲಿರುತ್ತದೆ. ಹೃದಯವು ಮತ್ತೆ ತುಂಬಿ ಮಿಡಿಯತೊಡಗಿದ ಮೇಲೆ ಅಲ್ಲಿ ಸೋರಿಕೆ ಕಂಡರೆ, ನೋಡುವುದಕ್ಕೆ ಎತ್ತಿದರೂ ಹೊಲಿಗೆ ಎಳೆದು ಇನ್ನಷ್ಟು ಹರಿಯುವ ಭಯ.

ಇದಕ್ಕೆ ಕೂಡಿಕೊಳ್ಳುವುದು ರಕ್ತದ ಸ್ಥಿತಿ. ಹೃದಯವನ್ನು ನಿಲ್ಲಿಸಿ ಯಂತ್ರದಿಂದ ರಕ್ತವನ್ನೋಡಿಸುವಾಗ ಅದು ಯಂತ್ರದೊಳಗೆ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಎಂಬ ದ್ರವ್ಯವನ್ನು ಕೊಡುತ್ತಾರೆ. ಕರ್ಮ ಮುಗಿದ ಮೇಲೆ ಪ್ರೋಟಮಿನ್ ಕೊಟ್ಟು ಅದರ ಶಕ್ತಿಯನ್ನಡಗಿಸುತ್ತಾರೆ. ಅಷ್ಟರಲ್ಲಿ ರಕ್ತ ನೀರಾಗಿರುತ್ತದೆ, ತಣ್ಣಗಾಗಿರುತ್ತದೆ. ಹೆಪ್ಪಿಗೆ ಬೇಕಾದ ಕಿರುಬಿಲ್ಲೆಗಳು ಯಂತ್ರದ ನಾಳಗಳಲ್ಲಿ ಸವೆದಿರುತ್ತವೆ. ಒಂದೇ ರಕ್ತವು ಯಂತ್ರದಲ್ಲಿ ಹರಿಯಬೇಕು, ಹೊಲಿಗೆಯಲ್ಲಿ ನಿಲ್ಲಬೇಕು ಎಂಬ ವಿರುದ್ಧವಾದ ಎರಡು ಅಪೇಕ್ಷೆಗಳು ಈ ಕರ್ಮದ ಹುಟ್ಟಿನಲ್ಲಿಯೇ ಇವೆ.

ಈ ಶಾಸ್ತ್ರಕ್ಕೆ ಸೂತ್ರಪ್ರಾಯವಾದ ಲೇಖನವು ೧೯೬೮ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಹ್ಯೂ ಬೆಂಟಾಲ್ ಮತ್ತು ಆಂಟನಿ ಡಿ ಬೋನೊ ಅದರ ಕರ್ತೃಗಳು. ಗಾತ್ರ ಎರಡೇ ಪುಟ. ಅದಕ್ಕೂ ಮೊದಲು, ೧೯೬೪ರಲ್ಲಿ, ಮೈರನ್ ವೀಟ್ ಎಂಬವರು ಕವಾಟವನ್ನು ಬೇರೆಯಾಗಿಯೂ ನಾಳವನ್ನು ಬೇರೆಯಾಗಿಯೂ ಬದಲಿಸಿ ಕರೋನರಿಗಳ ಸುತ್ತಣ ಗೋಡೆಯನ್ನು ಹಾಗೆಯೇ ಉಳಿಸುವ ಕ್ರಮವನ್ನು ಹೇಳಿದ್ದರು. ಬೆಂಟಾಲ್ ಮತ್ತು ಡಿ ಬೋನೊ ಅವರು ಕೃತಕ ಕವಾಟವನ್ನು ನಳಿಕೆಯ ತುದಿಗೇ ಹೊಲಿದು ಎರಡನ್ನೂ ಒಂದಾಗಿಸಿ, ನಳಿಕೆಯ ಪಾರ್ಶ್ವದಲ್ಲಿ ತೂತುಗಳನ್ನು ಮಾಡಿ, ಕರೋನರಿಗಳ ಬಾಯಿಗಳನ್ನು ಇದ್ದಲ್ಲಿಯೇ ಆ ತೂತುಗಳ ಅಂಚಿಗೆ ಹೊಲಿದರು. ಬಳಿಕ ಹಿಗ್ಗಿದ್ದ ಹಳೆಯ ಗೋಡೆಯನ್ನು ಬಿಸುಡದೆ ನಳಿಕೆಯ ಮೇಲೆ ಹೊದಿಸಿ ಮುಚ್ಚಿದರು.

ವಾರ್ತಿಕದ ಲಕ್ಷಣವನ್ನು ಹೇಳುವಾಗ ಉಕ್ತ, ಅನುಕ್ತ, ದುರುಕ್ತ ಎಂಬ ಮೂರರ ಚಿಂತನೆಯೆಂದು ನಮ್ಮ ಹಿರಿಯರು ಹೇಳಿರುತ್ತಾರೆ. ಈ ಎರಡು ಪುಟಗಳ ಮೇಲೆ ಅನಂತರದ ಶಸ್ತ್ರವೈದ್ಯರು ಮಾಡಿದುದು ಅದೇ ಕೆಲಸ. ಕವಾಟವನ್ನೂ ನಾಳವನ್ನೂ ಒಂದಾಗಿಸಿದುದು ಉಕ್ತ. ಅದು ಇಂದಿಗೂ ನಿಂತಿದೆ. ವಿವಾದವೆಲ್ಲ ಹೊದಿಕೆಯ ವಿಷಯದಲ್ಲಿ.

ಹೊದಿಕೆಗೆ ಆ ಕಾಲದಲ್ಲಿ ಬಲವಾದ ಕಾರಣವಿತ್ತೆಂಬುದನ್ನು ಒಪ್ಪದವನು ಅನ್ಯಾಯ ಮಾಡಿದಂತಾಗುವುದು. ಅಂದಿನ ಬಟ್ಟೆ ರಕ್ತವನ್ನು ಜಿನುಗಿಸುತ್ತಿತ್ತು. ನಳಿಕೆಯನ್ನು ರೋಗಿಯ ರಕ್ತದಲ್ಲಿಯೇ ಮೊದಲು ನೆನೆಸಿ ಸಂದುಗಳಲ್ಲಿ ಹೆಪ್ಪುಗಟ್ಟಿಸಿಕೊಳ್ಳಬೇಕಾಗಿತ್ತು; ಹೆಪಾರಿನ್ ಸೇರಿದ ಮೇಲೆ ಆ ಹೆಪ್ಪೂ ನಂಬತಕ್ಕುದಲ್ಲ. ಅಂಥ ಬಟ್ಟೆಯ ಮೇಲೆ ರೋಗಿಯ ಸ್ವಂತ ಗೋಡೆಯನ್ನು ಬಿಗಿಯಾಗಿ ಸುತ್ತಿದರೆ ಜಿನುಗು ಒತ್ತಡದಿಂದ ನಿಲ್ಲುವುದೆಂಬ ಆಶೆ ಸಹಜವಾದುದು. ಎಷ್ಟೋ ರೋಗಿಗಳು ಅದರಿಂದ ಬದುಕಿಯೂ ಇದ್ದಾರೆ.

ಆದರೆ ಹೊದಿಕೆಯು ತಡೆಯುವುದು ಏನನ್ನು? ಎದೆಯ ಪೊಳ್ಳಿಗೆ ರಕ್ತ ಬೀಳುವುದನ್ನು ಮಾತ್ರ, ಹೊಲಿಗೆಯಿಂದ ಹೊರಡುವುದನ್ನಲ್ಲ. ಹೊರಟ ರಕ್ತವು ನಳಿಕೆಗೂ ಹೊದಿಕೆಗೂ ನಡುವೆ ಸೇರಿಕೊಂಡು ಅಲ್ಲಿ ಮಹಾಧಮನಿಯೊಳಗಣ ಒತ್ತಡಕ್ಕೆ ಸಮೀಪವಾದ ಒತ್ತಡವನ್ನೇ ಪಡೆಯುತ್ತದೆ. ಹೊದಿಕೆ ಹೊರಕ್ಕುಬ್ಬುತ್ತದೆ, ನಳಿಕೆ ಒಳಕ್ಕೆ ಒತ್ತಲ್ಪಡುತ್ತದೆ. ಕರೋನರಿಯ ಬಾಯಿ ಹೊದಿಕೆಯ ಅಂಗ. ಅದನ್ನು ಹಿಡಿದಿರುವ ತೂತು ನಳಿಕೆಯ ಅಂಗ. ಒಂದು ಹೊರಕ್ಕೂ ಮತ್ತೊಂದು ಒಳಕ್ಕೂ ಹೋದರೆ ನಡುವಣ ಹೊಲಿಗೆಯ ಗತಿಯೇನು? ಅದು ಎಳೆಯಲ್ಪಟ್ಟು ಬಿರಿಯುವುದು, ಸೋರಿಕೆ ಹೆಚ್ಚುವುದು, ಹೆಚ್ಚಿದ ಸೋರಿಕೆ ಮತ್ತೆ ಎಳೆಯುವುದು. ಯಾವುದನ್ನು ರಕ್ಷೆಯೆಂದು ಕಟ್ಟಿದರೋ ಅದೇ ಬಾಧಕವಾಯಿತು. ವರ್ಷಗಳು ಕಳೆದ ಮೇಲೆ ಆ ಸ್ಥಳದಲ್ಲಿ ಹುಸಿಯುಬ್ಬು ಬೆಳೆದು ರೋಗಿ ಎರಡನೆಯ ಸಲ ಶಸ್ತ್ರಕ್ಕೆ ಬರಬೇಕಾಗುವುದು. ಕಾಣದಂತೆ ಮಾಡುವುದನ್ನೂ ಇಲ್ಲದಂತೆ ಮಾಡುವುದನ್ನೂ ಒಂದೆಂದೆಣಿಸಿದುದೇ ಇಲ್ಲಿಯ ದುರುಕ್ತ.

ಪ್ಯಾರಿಸ್ಸಿನ ಕ್ರಿಶ್ಚಿಯನ್ ಕಬ್ರೋಲ್ ಅವರು ೧೯೮೧ರಲ್ಲಿ ಪ್ರಕಟಿಸಿದ ಲೇಖನ ಈ ದೋಷದ ಒಂದು ಭಾಗವನ್ನು ಸರಿಯಾಗಿ ಗುರುತಿಸಿತು. ಕರೋನರಿಯ ಬಾಯಿಗಳನ್ನು ದೊಡ್ಡ ನಳಿಕೆಗೆ ಎಳೆದು ಹೊಲಿಯುವುದೇಕೆ? ಸಣ್ಣದೊಂದು ಬಟ್ಟೆನಳಿಕೆಯ ಎರಡು ತುದಿಗಳನ್ನು ಎರಡು ಬಾಯಿಗಳಿಗೂ ಹೊಲಿದು, ಅದರ ನಡುವನ್ನು ದೊಡ್ಡ ನಳಿಕೆಯ ಪಾರ್ಶ್ವಕ್ಕೆ ಸೇರಿಸಿದರೆ ಎಳೆತವೇ ಇರದು ಎಂದು ಅವರ ಯುಕ್ತಿ. ಎಳೆತದ ನಿದಾನವು ಸರಿ. ಆದರೆ ಹೊಲಿಗೆಗಳ ಸಂಖ್ಯೆ ಹೆಚ್ಚಿತು. ಸಣ್ಣ ನಳಿಕೆ ಬಾಗಿ ಮಡಿಸಿಕೊಂಡರೆ ಅಥವಾ ಒಳಗೆ ಹೆಪ್ಪುಗಟ್ಟಿದರೆ ಹೃದಯಕ್ಕೆ ಅನ್ನವಿಲ್ಲದಂತಾಯಿತು.

ಕಬ್ರೋಲ್ ಅವರದೇ ಮತ್ತೊಂದು ಉಪಾಯ ಇದಕ್ಕಿಂತ ಸ್ವಾರಸ್ಯವಾದುದು. ಹೊದಿಕೆಯೊಳಗೆ ಸೇರಿದ ರಕ್ತಕ್ಕೆ ಬಲ ಹೃತ್ಕರ್ಣಕ್ಕೆ ಹೋಗಲು ಒಂದು ದಾರಿಯನ್ನು ಹೊಲಿದು ಬಿಡುವುದು. ಮಹಾಧಮನಿಯಲ್ಲಿ ಒತ್ತಡವು ಪಾದರಸದ ೧೨೦ ಮಿಲಿಮೀಟರು ಇದ್ದರೆ ಹೃತ್ಕರ್ಣದಲ್ಲಿ ಕೆಲವೇ ಮಿಲಿಮೀಟರು. ಆದುದರಿಂದ ರಕ್ತ ಆ ಕಡೆಗೆ ತಾನಾಗಿ ಇಳಿಯುತ್ತದೆ. ಹೊದಿಕೆ ಉಬ್ಬದು, ರಕ್ತ ವ್ಯರ್ಥವಾಗದು, ಸ್ವಲ್ಪಕಾಲದಲ್ಲಿ ಹೆಪ್ಪಿನ ಶಕ್ತಿ ಮರಳಿದಾಗ ಸೋರಿಕೆ ನಿಂತು ದಾರಿಯೂ ಮುಚ್ಚಿಕೊಳ್ಳುತ್ತದೆ. ಕೆರೆ ತುಂಬಿದಾಗ ಏರಿ ಒಡೆಯದಂತೆ ಕೋಡಿ ಬಿಡುವವರಿಗೆ ಈ ಯುಕ್ತಿ ಅಪರಿಚಿತವಲ್ಲ. ಆದರೂ ಕೋಡಿಯು ಏರಿಯ ಬಿರುಕಿಗೆ ಚಿಕಿತ್ಸೆಯಲ್ಲ. ಕೆಲವರಲ್ಲಿ ಆ ದಾರಿ ಮುಚ್ಚದೆ ಉಳಿದು ಹೃದಯಕ್ಕೆ ಹೊರೆಯಾದುದೂ ಉಂಟು.

ನಿಜವಾದ ಭಾಷ್ಯವನ್ನು ಬರೆದವರು ಅಮೆರಿಕದ ನಿಕೊಲಸ್ ಕೌಚೌಕಸ್. ಹಳೆಯ ಗೋಡೆಯನ್ನು ಸಂಪೂರ್ಣವಾಗಿ ತೆಗೆದುಹಾಕುವುದು. ಕರೋನರಿಯ ಬಾಯಿಯನ್ನು ಸುತ್ತಲೂ ಸ್ವಲ್ಪ ಗೋಡೆಯೊಡನೆ ಅಂಗಿಯ ಗುಂಡಿಯಂತೆ ದುಂಡಗೆ ಬಿಡಿಸಿ, ನಾಳವನ್ನು ತಕ್ಕಷ್ಟು ಸಡಿಲಿಸಿ, ಗುಂಡಿಯ ಪೂರ್ಣವಾದ ದಪ್ಪವನ್ನು ಹಿಡಿದು ನಳಿಕೆಗೆ ಹೊಲಿಯುವುದು. ಮೇಲೆ ಏನನ್ನೂ ಹೊದಿಸದಿರುವುದು. ೧೬ ವರ್ಷಗಳಲ್ಲಿ ನಡೆದ ೧೭೨ ಶಸ್ತ್ರಕರ್ಮಗಳ ಫಲವನ್ನು ೧೯೯೧ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದಾಗ, ಹೊದಿಕೆಯ ಕ್ರಮವನ್ನು ಬಿಟ್ಟು ತೆರೆದ ಕ್ರಮವನ್ನು ಹಿಡಿಯಬೇಕೆಂಬ ಪಕ್ಷಕ್ಕೆ ಬಲ ಬಂದಿತು. ಆ ಲೇಖನದಲ್ಲಿ ಗಮನಿಸತಕ್ಕ ಗುಣವೆಂದರೆ, ಕರ್ತೃಗಳು ತಾವೇ ಮೊದಲು ಆಚರಿಸಿದ ಹೊದಿಕೆಯ ಫಲವನ್ನೂ ಮರೆಮಾಡದೆ ಎಣಿಸಿಟ್ಟಿರುವುದು. ಹೊದಿಕೆಯಿಲ್ಲದ ಹೊಲಿಗೆಯಲ್ಲಿ ಸೋರಿಕೆ ಕಣ್ಣಿಗೆ ಬೀಳುತ್ತದೆ; ಕಂಡುದಕ್ಕೆ ಅಲ್ಲಿಯೇ ಇನ್ನೊಂದು ಹೊಲಿಗೆ ಹಾಕಬಹುದು. ಹೀಗೆ ಹೊದಿಕೆಯನ್ನು ತೆಗೆದುದೇ ರಕ್ತನಿರೋಧಕ್ಕೆ ಸಾಧನವಾಯಿತು.

ಇದು ಸಾಧ್ಯವಾದುದರಲ್ಲಿ ನೇಕಾರನ ಪಾಲೂ ಇದೆಯೆಂಬುದನ್ನು ಶಸ್ತ್ರವೈದ್ಯರ ಲೇಖನಗಳು ಸಾಕಷ್ಟು ಹೇಳುವುದಿಲ್ಲ. ಪ್ಲಾಸ್ಮದಲ್ಲಿಯೋ ಆಲ್ಬುಮಿನ್ನಿನಲ್ಲಿಯೋ ನೆನೆಸಿ ಹಬೆಯಲ್ಲಿ ಬೇಯಿಸಿ ಸಂದುಗಳನ್ನು ತುಂಬುವ ಉಪಾಯವು ನಡುವೆ ಬಂದಿತು. ಬಳಿಕ ೧೯೮೦ರ ದಶಕದಲ್ಲಿ ಕೊಲಾಜೆನ್ ಅಥವಾ ಜೆಲಟಿನ್ ಲೇಪಿಸಿದ ಡೆಕ್ರಾನ್ ನಳಿಕೆಗಳು ಸಿದ್ಧವಾಗಿಯೇ ದೊರೆಯತೊಡಗಿದುವು. ಬಟ್ಟೆ ಜಿನುಗುವುದು ನಿಂತ ಮೇಲೆ ಹೊದಿಕೆಗಿದ್ದ ಮುಖ್ಯ ಕಾರಣವೇ ನಿಂತಿತು. ಕಾರಣ ಹೋದ ಮೇಲೂ ಕಾರ್ಯವನ್ನು ಹಿಡಿದುಕೊಂಡಿದ್ದವರ ಮೇಲೆ ದೋಷಾರೋಪ ಮಾಡಬೇಕಲ್ಲದೆ ಬೆಂಟಾಲ್ ಅವರ ಮೇಲಲ್ಲ.

ಕೆಳಗಣ ಹೊಲಿಗೆಯ ಪ್ರಶ್ನೆ ಉಳಿಯಿತು. ಕವಾಟದ ಬಳೆಯೆಂದು ಹೇಳುವುದು ರೂಢಿಯಾದರೂ ಅದು ಬಳೆಯಂತೆ ಸಮತಟ್ಟಾಗಿಲ್ಲ. ಮೂರು ಕಮಾನುಗಳುಳ್ಳ ಕಿರೀಟದಂತಿದೆ. ಸಮವಾದ ನಳಿಕೆಯ ಅಂಚನ್ನು ವಿಷಮವಾದ ಈ ರೇಖೆಗೆ ಕೂಡಿಸುವಾಗ ಹೊಲಿಗೆಗಳ ನಡುವೆ ಸಂದುಗಳುಳಿಯುತ್ತವೆ. ನಮೆದೆಯಂಥ ಮೆತ್ತೆಗಳನ್ನಿಟ್ಟು ಬಿಡಿಬಿಡಿಯಾಗಿ ಹೊಲಿಯುವುದು ಒಂದು ಪರಿಹಾರ. ಕವಾಟದ ಮೇಲ್ಗಡೆ ಗೋಡೆಯ ಅಂಚನ್ನು ಸ್ವಲ್ಪ ಉಳಿಸಿಕೊಂಡು, ಮೊದಲ ಸಾಲು ಮುಗಿದ ಮೇಲೆ ಆ ಅಂಚನ್ನು ಎರಡನೆಯ ಸಾಲಿನಿಂದ ನಳಿಕೆಗೆ ಸೇರಿಸುವುದು ಮತ್ತೊಂದು. ೧೯೯೩ರಲ್ಲಿ ಕೋಪ್ಲೆಂಡ್ ಮತ್ತು ಅವರ ಸಹೋದ್ಯೋಗಿಗಳು ರಕ್ತನಿರೋಧಕ್ಕೆಂದೇ ಪ್ರಕಟಿಸಿದ ಕ್ರಮವು ಈ ಜಾತಿಯದು. ಎರಡನೆಯ ಸಾಲೂ ಒಂದು ಬಗೆಯ ಹೊದಿಕೆಯೇ ಅಲ್ಲವೆ ಎಂದು ಆಕ್ಷೇಪಿಸಬಹುದು. ಅಲ್ಲ, ಏಕೆಂದರೆ ಅಲ್ಲಿ ರಕ್ತ ಸೇರಿ ಉಬ್ಬತಕ್ಕ ಅವಕಾಶವಿಲ್ಲ, ಅಂಗಾಂಶವು ನಳಿಕೆಗೆ ಅಂಟಿಕೊಂಡೇ ಇರುತ್ತದೆ. ಗುಂಡಿಗಳ ಸುತ್ತಲೂ ಹೃದಯಾವರಣದ ಪೊರೆಯ ಸಣ್ಣ ಬಳೆಯನ್ನಿಟ್ಟು ಹೊಲಿಯುವುದಕ್ಕೂ ಇದೇ ಸಮಾಧಾನ.

ಕವಾಟವು ಚೆನ್ನಾಗಿದ್ದಾಗ ಅದನ್ನುಳಿಸುವ ಎರಡು ಕ್ರಮಗಳಲ್ಲಿಯೂ ಇದೇ ನ್ಯಾಯವನ್ನು ಕಾಣಬಹುದು. ಯಾಕೂಬ್ ಅವರ ಕ್ರಮದಲ್ಲಿ ನಳಿಕೆಯನ್ನು ನಾಲಗೆಗಳಂತೆ ಕತ್ತರಿಸಿ ಕಮಾನುಗಳ ಅಂಚಿಗೆ ಹೊಲಿಯುವುದರಿಂದ ಉದ್ದವಾದ ಹೊಲಿಗೆಯೊಂದು ನೇರವಾಗಿ ಹೊರಕ್ಕೆ ತೆರೆದಿರುತ್ತದೆ. ಟೊರಾಂಟೊ ನಗರದ ಟಿರೋನ್ ಡೇವಿಡ್ ೧೯೯೨ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಕವಾಟವೆಲ್ಲ ನಳಿಕೆಯ ಒಳಗೇ ಕುಳಿತು, ಒಳಗಣ ಹೊಲಿಗೆಯನ್ನು ರಕ್ತದ ಒತ್ತಡವೇ ಬಟ್ಟೆಗೆ ಒತ್ತಿಹಿಡಿಯುತ್ತದೆ. ಕವಾಟದ ಚಲನೆಯ ಸೌಂದರ್ಯದಲ್ಲಿ ಮೊದಲನೆಯದು ಮೇಲೆಂದು ವಾದಿಸುವವರಿದ್ದರೂ ರಕ್ತನಿರೋಧದಲ್ಲಿ ಎರಡನೆಯದೇ ಮೇಲು.

ಇಷ್ಟಾದ ಮೇಲೆ ಪರೀಕ್ಷೆ. ಮೇಲ್ತುದಿಯನ್ನು ಹೊಲಿಯುವುದಕ್ಕೆ ಮುಂಚೆ ನಳಿಕೆಯನ್ನು ಇಕ್ಕಳದಿಂದ ಮುಚ್ಚಿ, ಹೃದಯವನ್ನು ನಿಲ್ಲಿಸಿಡುವ ದ್ರವವನ್ನೇ ಒತ್ತಡದಿಂದ ಒಳಕ್ಕೆ ಬಿಟ್ಟು ಸೋರುವ ಸ್ಥಳವನ್ನು ಹುಡುಕುವುದು. ಹೃದಯ ಬರಿದಾಗಿ ಮೆತ್ತಗಿರುವ ಆ ಹೊತ್ತಿನಲ್ಲಿ ಎಡ ಕರೋನರಿಯ ಹಿಂಬದಿಯೂ ಕೈಗೆಟಕುವುದು. ಹೊಸ ದ್ರವ್ಯವಿಲ್ಲ, ಹೊಸ ಯಂತ್ರವಿಲ್ಲ. ಮಣ್ಣಿನ ಕೊಡವನ್ನು ಕೊಳ್ಳುವಾಗ ನೀರು ತುಂಬಿ ನೋಡುವಷ್ಟೇ ಸರಳ. ಆದರೂ ಈ ಶಾಸ್ತ್ರದ ಅತ್ಯಂತ ಬೆಲೆಯುಳ್ಳ ಉಪಾಯಗಳಲ್ಲಿ ಇದೊಂದು.

ಇನ್ನು ಪೂರ್ವಪಕ್ಷವೊಂದನ್ನು ವಿಚಾರಿಸಬೇಕಾಗಿದೆ. ರಕ್ತನಿರೋಧದ ಈ ಉಪಾಯಗಳೆಲ್ಲ ಸುಶ್ರುತನಲ್ಲಿ ಮೊದಲೇ ಇವೆಯೆಂದು ಅಭಿಮಾನದಿಂದ ಹೇಳುವವರುಂಟು. ಸೂತ್ರಸ್ಥಾನದ ೧೪ನೆಯ ಅಧ್ಯಾಯದಲ್ಲಿ ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಬಗೆಗಳನ್ನು ಆಚಾರ್ಯನು ಹೇಳಿರುವುದು ನಿಜ. ಆದರೆ ಪ್ರಕರಣವನ್ನು ನೋಡಬೇಕು. ಆ ಅಧ್ಯಾಯ ಶೋಣಿತವರ್ಣನೀಯ. ದುಷ್ಟರಕ್ತವನ್ನು ಹೊರಬಿಡುವ ಚಿಕಿತ್ಸೆಯಲ್ಲಿ ರಕ್ತ ಮಿತಿಮೀರಿ ಹರಿದರೆ ಮಾಡಬೇಕಾದುದನ್ನು ಅಲ್ಲಿ ವಿಧಿಸಿದೆ. ಮಹಾಧಮನಿಯ ಸುದ್ದಿಯೇ ಅಲ್ಲಿಲ್ಲ. ಹೃದಯವನ್ನಂತೂ ಆಚಾರ್ಯನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಎಣಿಸಿದ್ದಾನೆ. ಮತ್ತೂ, ಅಲ್ಲಿಯ ಸಂಧಾನವೆಂಬುದು ಕಷಾಯರಸದ ದ್ರವ್ಯದಿಂದ ವ್ರಣದ ತುಟಿಗಳು ಕೂಡಿಕೊಳ್ಳುವುದೇ ಹೊರತು ಹೊಲಿಗೆಯಲ್ಲ. ಶಬ್ದದ ಹೋಲಿಕೆಯಿಂದ ಮೋಸಹೋಗಿ ಸಂಧಾನವನ್ನು ಹೊಲಿಗೆಯೆಂದು ಅನುವಾದಿಸುವುದು ಆಚಾರ್ಯನಿಗೆ ಮಾಡುವ ಗೌರವವಾಗಲಾರದು.

ಕ್ರಮದಲ್ಲಿಯೂ ಭೇದವಿದೆ. ಶೈತ್ಯದಿಂದ ರಕ್ತವು ಗಟ್ಟಿಯಾಗದಿದ್ದರೆ ಸಂಧಾನ, ಅದೂ ತಪ್ಪಿದರೆ ಭಸ್ಮದಿಂದ ಪಾಚನ, ಮೂರೂ ಫಲಿಸದಿದ್ದರೆ ಕೊನೆಗೆ ಸಿರೆಗಳನ್ನು ಸಂಕೋಚಗೊಳಿಸುವ ದಹನ ಎಂಬುದು ಸಂಹಿತೆಯ ಕ್ರಮ. ಮಹಾಧಮನಿಯಲ್ಲಿ ಜೋಡಣೆಯೇ ಮೊದಲು. ದಹನವನ್ನು ಎದೆಯ ಮಾಂಸದ ಸಣ್ಣ ನಾಳಗಳಿಗೆ ವಿದ್ಯುತ್ತಿನಿಂದ ಮಾಡುತ್ತಾರೆ, ಮಹಾಧಮನಿಯ ಗೋಡೆಗಲ್ಲ. ಶೈತ್ಯದ ವಿಷಯದಲ್ಲಿ ಕಾಣುವ ವಿರೋಧ ಇನ್ನೂ ಕುತೂಹಲಕರ. ಹಿಮವು ರಕ್ತವನ್ನು ಗಟ್ಟಿಮಾಡುವುದೆಂದು ಸಂಹಿತೆ. ದೇಹ ತಣ್ಣಗಾದರೆ ಹೆಪ್ಪಿನ ಶಕ್ತಿ ಕುಂದುವುದೆಂದು, ಆದುದರಿಂದ ಕರ್ಮದ ಕೊನೆಗೆ ರೋಗಿಯನ್ನು ಚೆನ್ನಾಗಿ ಬೆಚ್ಚಗಾಗಿಸಬೇಕೆಂದು ಆಧುನಿಕರು. ವಿಷಯಭೇದದಿಂದ ಎರಡೂ ಸಲ್ಲುತ್ತವೆ. ವ್ರಣದ ಮೇಲಣ ಶೈತ್ಯವು ಸಣ್ಣ ನಾಳಗಳನ್ನು ಕುಗ್ಗಿಸಿ ಹರಿವನ್ನು ತಗ್ಗಿಸುವುದು. ಸರ್ವಾಂಗದ ಶೈತ್ಯವು ರಕ್ತದ ಗುಣವನ್ನೇ ಕೆಡಿಸುವುದು. ವಿರೋಧವನ್ನು ಮುಚ್ಚಿಟ್ಟು ಎರಡೂ ಒಂದೇ ಎನ್ನುವುದಕ್ಕಿಂತ ಹೀಗೆ ವಿಂಗಡಿಸುವುದು ಲೇಸು.

ಸುಶ್ರುತನೊಡನೆ ನಿಜವಾದ ಬಾಂಧವ್ಯವನ್ನು ಹುಡುಕುವವರು ೧೪ನೆಯ ಅಧ್ಯಾಯವನ್ನು ಬಿಟ್ಟು ಸೀವನಕರ್ಮವನ್ನು ಹೇಳುವ ೨೫ನೆಯ ಅಧ್ಯಾಯವನ್ನು ನೋಡಬೇಕು. ಮರ್ಮಸ್ಥಾನಕ್ಕೆ ಬಿಲ್ಲಿನಂತೆ ಬಾಗಿದ ಸೂಜಿ ಹಿತವೆಂದು ಅಲ್ಲಿದೆ. ಹೊಲಿಗೆಗಳು ತೀರ ದೂರವಾದರೆ ವ್ರಣದ ತುಟಿಗೆ ನೋವು, ತೀರ ಹತ್ತಿರವಾದರೆ ಹರಿಯುವಿಕೆ ಎಂದೂ ಇದೆ. ಇಂದು ಪಾಲಿಪ್ರೊಪಿಲೀನ್ ಎಳೆಯಿಂದ ಕರೋನರಿಯ ಗುಂಡಿಯನ್ನು ಹೊಲಿಯುವವನೂ ಬಾಗಿದ ಸೂಜಿಯನ್ನೇ ಹಿಡಿಯುತ್ತಾನೆ. ದೂರವಾದರೆ ಸೋರುವುದು, ಹತ್ತಿರವಾದರೆ ತೂತುಗಳು ಒಂದಾಗಿ ಹರಿಯುವುದು ಎಂಬ ಭಯದಲ್ಲಿಯೇ ಕೈಯನ್ನು ನಡೆಸುತ್ತಾನೆ. ಈ ಹೋಲಿಕೆಯನ್ನು ಎಳೆದು ತರಬೇಕಾಗಿಲ್ಲ.

ಸ್ಕಂದನದ ಪಕ್ಷವನ್ನು ಹೊಸ ಬಗೆಯಲ್ಲಿ ಹಿಡಿದವರು ಅಂಟುಗಳ ವಾದಿಗಳು. ಜೆಲಟಿನ್, ರಿಸಾರ್ಸಿನಾಲ್, ಫಾರ್ಮಾಲ್ಡಿಹೈಡ್ ಸೇರಿದ ಅಂಟನ್ನು ಫ್ರಾನ್ಸಿನ ಗಿಲ್ಮೆ ಮತ್ತು ಅವರ ಸಂಗಡಿಗರು ೧೯೭೯ರಲ್ಲಿ ಪ್ರಕಟಪಡಿಸಿದರು. ಸೀಳಿದ ಮಹಾಧಮನಿಯ ಪದರಗಳನ್ನು ಕೂಡಿಸುವುದು ಅದರ ಉದ್ದೇಶ. ಅನಂತರ ಫೈಬ್ರಿನ್ ಅಂಟೂ, ದನದ ಆಲ್ಬುಮಿನ್ನಿಗೆ ಗ್ಲುಟರಾಲ್ಡಿಹೈಡ್ ಸೇರಿಸಿದ ಅಂಟೂ ಬಂದುವು. ಇವು ಸಣ್ಣ ಜಿನುಗನ್ನು ನಿಲ್ಲಿಸುವುದರಲ್ಲಿ ಸಂದೇಹವಿಲ್ಲ. ಆದರೆ ಆಲ್ಡಿಹೈಡ್ ಅಂಗಾಂಶವನ್ನು ಗಡುಸುಮಾಡುತ್ತದೆ, ಕೆಲವೆಡೆ ಕೊಲ್ಲುತ್ತದೆ. ಕಾಲಾನಂತರದಲ್ಲಿ ಹುಸಿಯುಬ್ಬು ಕಂಡ ವರದಿಗಳಿವೆ. ಹೊದಿಕೆಯ ಮೇಲೆ ಹೊರಿಸಿದ ದೋಷ ಸಡಿಲವಾದ ಹೊಲಿಗೆಯ ಮೇಲೆ ಸವರಿದ ಅಂಟಿಗೂ ತಪ್ಪದು. ಒಳಗೆ ಕೊಡುವ ಔಷಧಗಳಲ್ಲಿ ಟ್ರಾನೆಕ್ಸಮಿಕ್ ಆಮ್ಲವು ನಿಂತಿದೆ. ದನದ ಶ್ವಾಸಕೋಶದಿಂದ ಬಂದ ಅಪ್ರೊಟಿನಿನ್ ಬಹುಕಾಲ ಮಾನ್ಯವಾಗಿದ್ದು, ೨೦೦೭ರಲ್ಲಿ ಅದರ ಮಾರಾಟ ನಿಂತಿತು. ಮರುವರ್ಷ ಪ್ರಕಟವಾದ ಕೆನಡ ದೇಶದ ಪರೀಕ್ಷೆಯಲ್ಲಿ ರಕ್ತಸ್ರಾವವು ಕಡಮೆಯಾದಂತೆ ತೋರಿದರೂ ಮರಣವು ಹೆಚ್ಚಾಗಿ ಕಂಡಿತು. ೨೦೧೨ರಲ್ಲಿ ಯೂರೋಪಿನ ಔಷಧಸಂಸ್ಥೆಯು ನಿಷೇಧವನ್ನು ಸಡಿಲಿಸಬಹುದೆಂದಿತು. ರಕ್ತ ನಿಂತುದನ್ನು ಮಾತ್ರ ಅಳೆದು ರೋಗಿ ಉಳಿದನೋ ಎಂಬುದನ್ನು ಅಳೆಯದಿದ್ದರೆ ಏನಾಗುವುದೆಂಬುದಕ್ಕೆ ಈ ಔಷಧದ ಚರಿತ್ರೆಯೇ ನಿದರ್ಶನ.

ಇಷ್ಟು ಹೇಳಿದುದರಿಂದ ಹೊದಿಕೆಯು ಸರ್ವಥಾ ತ್ಯಾಜ್ಯವೆಂದು ಸಿದ್ಧವಾಗುವುದಿಲ್ಲ, ಆಪದ್ಧರ್ಮವೆಂಬುದೊಂದಿದೆ. ಮಹಾಧಮನಿ ಹಠಾತ್ತಾಗಿ ಸೀಳಿದಾಗ ಗೋಡೆ ನೆನೆದ ಕಾಗದದಂತಾಗಿರುತ್ತದೆ. ಸೂಜಿ ಹೋದಲ್ಲೆಲ್ಲ ತೂತು, ತೂತಾದಲ್ಲೆಲ್ಲ ಸೋರಿಕೆ; ದೇಹವನ್ನು ಬಹಳ ತಂಪುಮಾಡಿರುವುದರಿಂದ ರಕ್ತವೂ ಹೆಪ್ಪುಗಟ್ಟಲೊಲ್ಲದು. ಎಲ್ಲ ಹೊಲಿಗೆಗಳನ್ನೂ ಸರಿನೋಡಿ, ಕೊಡತಕ್ಕುದನ್ನೆಲ್ಲ ಕೊಟ್ಟ ಮೇಲೂ ರಕ್ತ ನಿಲ್ಲದಿದ್ದಾಗ, ಹೃದಯಾವರಣದ ಪೊರೆಯಿಂದಲೋ ಉಳಿದ ಗೋಡೆಯಿಂದಲೋ ನಳಿಕೆಯ ಸುತ್ತ ಮರೆಕಟ್ಟಿ, ಅಲ್ಲಿಂದ ಬಲ ಹೃತ್ಕರ್ಣಕ್ಕೆ ಕಬ್ರೋಲ್ ಅವರ ದಾರಿಯನ್ನು ಬಿಡುವ ಶಸ್ತ್ರವೈದ್ಯರು ಇಂದಿಗೂ ಇದ್ದಾರೆ. ಆಗಲೂ ಅವರು ಮರೆಯನ್ನು ಮಾತ್ರ ಕಟ್ಟಿ ದಾರಿಯಿಲ್ಲದೆ ಮುಚ್ಚುವುದಿಲ್ಲ.